‘ಇತರ ದೇಶಗಳು’ ಅಂದ್ರೆ ಯಾರು? 1935ರ ಶಾಂತಿ ಮತದಾನದ ಕಥೆ

ಈ ವಾರದ ವಿಡಿಯೊದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟ ಅಂಕಿಅಂಶಗಳನ್ನ ಸೇರಿಸಿ ಇಲ್ಲಿ ಬರೆದಿದ್ದೀನಿ. ಆಫೀಸ್ ಕ್ಯಾಬಲ್ಲೋ ಮೆಟ್ರೋದಲ್ಲೋ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಮೊದಲು ನಮ್ಮ ಮನೆ ಹತ್ತಿರದ ವಿಷಯ. ನಾನಿರೋದು ಪುಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಎರಡು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಪಾರ್ಕಿಂಗ್‌ನಿಂದ ಮೂರು ಬೈಕ್ ಕಳುವಾದವು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪೋಲ್ ಹಾಕಿದರು: ‘ಸೊಸೈಟಿಯಲ್ಲಿ ರಾತ್ರಿ ಗಸ್ತು ಶುರು ಮಾಡಬೇಕೆ?’ ಸಂಜೆಯೊಳಗೆ ನೂರಕ್ಕೂ ಹೆಚ್ಚು ಜನ ‘ಹೌದು’ ಒತ್ತಿದರು. ‘ಬೇಡ’ ಅಂದವರು ನಾಲ್ಕು ಜನ. ಮರುದಿನ ಅದೇ ಮನುಷ್ಯ ಒಂದು ಶೀಟ್ ಹಂಚಿ, ಯಾವ ದಿನ ಯಾರು ಬರ್ತೀರಿ ಹೆಸರು ಹಾಕಿ ಅಂದರು. ಬಂದಿದ್ದು ಆರು ಹೆಸರು. ಅದರಲ್ಲಿ ಒಂದು ನನ್ನದು. ಮೊದಲ ರಾತ್ರಿ ಹೋದೆ. ಎರಡನೇ ಸರದಿ ಬಂದ ದಿನ ರಿಲೀಸ್ ಇದೆ ಅಂತ ತಪ್ಪಿಸಿಕೊಂಡೆ. ನಿಜ ಹೇಳಬೇಕು ಅಂದ್ರೆ ಅವತ್ತು ರಿಲೀಸ್ ಇರಲಿಲ್ಲ.

ಹಾಗಾದರೆ ಪೋಲ್‌ನಲ್ಲಿ ‘ಹೌದು’ ಒತ್ತಿದ ನಾವೆಲ್ಲ ಸುಳ್ಳು ಹೇಳಿದೆವಾ? ಇಲ್ಲ. ಗಸ್ತು ಬೇಕು ಅನ್ನೋದು ಎಲ್ಲರ ಪ್ರಾಮಾಣಿಕ ಅಭಿಪ್ರಾಯವೇ ಆಗಿತ್ತು. ಆದರೆ ಗಸ್ತು ಯಾರು ತಿರುಗೋದು ಅಂತ ಪ್ರಶ್ನೆಯಲ್ಲಿ ಇರಲಿಲ್ಲ.

ಇದೇ ಗೊಂದಲ ಒಂದು ಇಡೀ ಖಂಡದ ಮಟ್ಟದಲ್ಲಿ ಆದರೆ ಏನಾಗುತ್ತೆ? ಅದು ಆಗಿದ್ದು 1935ರಲ್ಲಿ.

ಜನಾಭಿಪ್ರಾಯವೇ ಆಯುಧ

ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ ಲೀಗ್ ಆಫ್ ನೇಷನ್ಸ್ ಕೆಲಸ ಶುರು ಮಾಡಿತು. ಇವತ್ತಿನ ವಿಶ್ವಸಂಸ್ಥೆಯ ಅಣ್ಣ ಅನ್ನಿ. ಕೇಂದ್ರ ಕಚೇರಿ ಜಿನೀವಾ. ಲೀಗಿನ ನಿಯಮಾವಳಿಯಲ್ಲಿ 16ನೇ ಕಲಂ ತುಂಬ ಮುಖ್ಯ: ಒಬ್ಬ ಸದಸ್ಯ ನಿಯಮ ಮುರಿದು ಯುದ್ಧಕ್ಕೆ ಇಳಿದರೆ, ಅವನು ಉಳಿದ ಎಲ್ಲ ಸದಸ್ಯರ ಮೇಲೂ ಯುದ್ಧ ಹೂಡಿದ ಹಾಗೆ ಲೆಕ್ಕ. ಎಲ್ಲರೂ ಅವನ ಜೊತೆ ವ್ಯಾಪಾರ ವ್ಯವಹಾರ ನಿಲ್ಲಿಸಬೇಕು. ಸೈನ್ಯ ಬೇಕಾದರೆ ಯಾರು ಎಷ್ಟು ಕೊಡಬೇಕು ಅಂತ ಲೀಗಿನ ಕೌನ್ಸಿಲ್ ಶಿಫಾರಸು ಮಾಡುತ್ತೆ. ಗಮನಿಸಿ, ಶಿಫಾರಸು ಅಷ್ಟೇ. ಲೀಗಿಗೆ ಸ್ವಂತ ಸೈನ್ಯ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಆನ್‌ಕಾಲ್ ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲ, ಅಲರ್ಟ್ ಬಂದರೆ ಇಡೀ ತಂಡ ನೋಡಬೇಕು ಅಂತ ಬರೆದಿದೆ. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದಾಗ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನ ಕಟ್ಟಿದವರು ದಡ್ಡರೇನಲ್ಲ. ಅವರಲ್ಲೊಬ್ಬರು ಬ್ರಿಟನ್ನಿನ ಲಾರ್ಡ್ ರಾಬರ್ಟ್ ಸೆಸಿಲ್, ಮುಂದೆ 1937ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. 1919ರಲ್ಲೇ ಅವರು ಪಾರ್ಲಿಮೆಂಟಿನಲ್ಲಿ ನೇರವಾಗಿ ಹೇಳಿದ್ದರು: ನಾವು ನಂಬಿರೋದು ಜನಾಭಿಪ್ರಾಯವನ್ನ, ಆ ನಂಬಿಕೆ ತಪ್ಪಾದರೆ ಇಡೀ ಯೋಜನೆಯೇ ತಪ್ಪು. ಯುದ್ಧದ ಭೀಕರತೆ ನೋಡಿದ ಜಗತ್ತು ಇನ್ನೊಂದು ದಾಳಿಯನ್ನ ಸಹಿಸಲ್ಲ, ಜನರ ಆಕ್ರೋಶಕ್ಕೆ ಯಾವ ಸರ್ಕಾರವೂ ಹೆದರಲೇಬೇಕು ಅನ್ನೋದು ಅವರ ಲೆಕ್ಕ.

1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿದಾಗ ಆ ಲೆಕ್ಕಕ್ಕೆ ಮೊದಲ ಪೆಟ್ಟು ಬಿತ್ತು. ಲೀಗ್ ಆಯೋಗ ಕಳಿಸಿತು, ವರದಿ ಬಂತು, ಜಪಾನ್ ಲೀಗನ್ನೇ ಬಿಟ್ಟು ಹೋಯಿತು. ಅಷ್ಟಾದರೂ ಸೆಸಿಲ್ ಕೈಚೆಲ್ಲಲಿಲ್ಲ. ಜನಾಭಿಪ್ರಾಯ ಇದೆ, ಅದನ್ನ ಸರ್ಕಾರಕ್ಕೆ ಎಣಿಸಿ ತೋರಿಸಬೇಕು ಅಷ್ಟೇ ಅಂತ ಹೊರಟರು.

ಮನೆಮನೆಗೆ ಹೋಗಿ ಕೇಳಿದ ಐದು ಪ್ರಶ್ನೆ

ಬ್ರಿಟನ್ನಿನಲ್ಲಿ ಲೀಗ್ ಆಫ್ ನೇಷನ್ಸ್ ಯೂನಿಯನ್ ಅಂತ ಒಂದು ಜನಸಂಘಟನೆ ಇತ್ತು. ಸೆಸಿಲ್ ಅದರ ಮುಖಂಡರು. 1934ರ ಕೊನೆಯಿಂದ 1935ರ ಜೂನ್‌ವರೆಗೆ ಈ ಸಂಘಟನೆ ಮುಂದೆ ನಿಂತು ಒಂದು ಖಾಸಗಿ ಮತದಾನ ನಡೆಸಿತು. ಅದು ಇತಿಹಾಸದಲ್ಲಿ ‘ಪೀಸ್ ಬ್ಯಾಲಟ್’ ಅಂತಲೇ ಹೆಸರಾಗಿದೆ. ಆಗಿನ್ನೂ ಬ್ರಿಟನ್ನಿನಲ್ಲಿ ಗ್ಯಾಲಪ್ ಥರದ ಸಮೀಕ್ಷೆ ಇರಲಿಲ್ಲ. ಸುಮಾರು 5 ಲಕ್ಷ ಸ್ವಯಂಸೇವಕರು, ಅವರಲ್ಲಿ ಬಹಳಷ್ಟು ಹೆಂಗಸರು, ಮನೆಮನೆ ಬಾಗಿಲು ತಟ್ಟಿ ಚೀಟಿ ಕೊಟ್ಟು, ಮತ್ತೆ ಹೋಗಿ ವಾಪಸ್ ತಂದರು. ಲಾರ್ಡ್ ಬೀವರ್‌ಬ್ರೂಕ್‌ನ ಪತ್ರಿಕೆಗಳು ಇದನ್ನ ‘ರಕ್ತದ ಮತಪತ್ರ’ ಅಂತ ಕರೆದು ಹೀಗಳೆದವು, ಇದು ಬ್ರಿಟನ್ನನ್ನ ಯುದ್ಧಕ್ಕೆ ಎಳೆಯುತ್ತೆ ಅಂತ.

1935ರ ಜೂನ್ 27ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಫಲಿತಾಂಶ ಹೇಳಿದರು. ಮತ ಹಾಕಿದವರು 1 ಕೋಟಿ 15 ಲಕ್ಷಕ್ಕೂ ಹೆಚ್ಚು. ವಯಸ್ಕರಲ್ಲಿ ಮೂರಕ್ಕೆ ಒಬ್ಬರಿಗಿಂತ ಜಾಸ್ತಿ!

ಪ್ರಶ್ನೆ ಐದು. ಬ್ರಿಟನ್ ಲೀಗಿನಲ್ಲೇ ಇರಬೇಕೆ? ಎಲ್ಲ ದೇಶಗಳೂ ಒಪ್ಪಂದ ಮಾಡಿಕೊಂಡು ಶಸ್ತ್ರಾಸ್ತ್ರ ಕಡಿಮೆ ಮಾಡಬೇಕೆ? ಯುದ್ಧವಿಮಾನಗಳನ್ನ ಒಪ್ಪಂದದ ಮೂಲಕ ರದ್ದು ಮಾಡಬೇಕೆ? ಖಾಸಗಿ ಲಾಭಕ್ಕೆ ಆಯುಧ ತಯಾರಿಸಿ ಮಾರೋದನ್ನ ನಿಲ್ಲಿಸಬೇಕೆ? ಈ ನಾಲ್ಕಕ್ಕೂ ಭರ್ಜರಿ ‘ಹೌದು’. ಮೊದಲನೆಯದಕ್ಕಂತೂ ಶೇ. 96ರಷ್ಟು.

ಐದನೆಯದರಲ್ಲಿ ಎರಡು ಭಾಗ. ಒಂದು ದೇಶ ಇನ್ನೊಂದರ ಮೇಲೆ ಹಟಕ್ಕೆ ಬಿದ್ದು ದಾಳಿ ಮಾಡಿದರೆ, ಇತರ ದೇಶಗಳು ಒಟ್ಟಾಗಿ ಅದನ್ನ ನಿಲ್ಲಿಸಬೇಕೆ? ಅ) ಆರ್ಥಿಕ ಕ್ರಮಗಳಿಂದ, ಆ) ಅಗತ್ಯ ಬಿದ್ದರೆ ಸೈನಿಕ ಕ್ರಮಗಳಿಂದ.

ಆರ್ಥಿಕ ಕ್ರಮಕ್ಕೆ ‘ಹೌದು’ ಅಂದವರು 1 ಕೋಟಿಗೂ ಹೆಚ್ಚು, ಸುಮಾರು ಶೇ. 87. ಸೈನಿಕ ಕ್ರಮಕ್ಕೆ ‘ಹೌದು’ 67 ಲಕ್ಷ 84 ಸಾವಿರ, ಅಂದ್ರೆ ಶೇ. 59ರ ಆಸುಪಾಸು. ‘ಇಲ್ಲ’ ಅಂದವರು 23 ಲಕ್ಷ 51 ಸಾವಿರ. ಉತ್ತರವನ್ನೇ ಬರೆಯದೆ ಖಾಲಿ ಬಿಟ್ಟವರು 23 ಲಕ್ಷ 64 ಸಾವಿರ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಮೊದಲನೆಯದಾಗಿ, ಇದು ಸರಿಯಾದ ಸ್ಯಾಂಪಲ್ ಅಲ್ಲ. ಲೀಗಿನ ಅಭಿಮಾನಿಗಳೇ ನಡೆಸಿದ ಮತದಾನ, ಲೀಗ್ ಬೇಡ ಅನ್ನೋರು ಬಾಗಿಲು ಮುಚ್ಚಿಕೊಂಡಿರಬಹುದು. ಆದರೂ ಕೋಟಿ ಜನ ಅಂದ್ರೆ ಕೋಟಿ ಜನವೇ. ಅದನ್ನ ತಳ್ಳಿಹಾಕೋಕೆ ಯಾವ ರಾಜಕಾರಣಿಗೂ ಧೈರ್ಯ ಇರಲಿಲ್ಲ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಬೆಲೆ ಏರಿದ ಹಾಗೆ ‘ಹೌದು’ ಇಳೀತಾ ಹೋಗಿದೆ. ಸದಸ್ಯತ್ವಕ್ಕೆ 96, ವ್ಯಾಪಾರ ನಿಲ್ಲಿಸೋಕೆ 87, ಸೈನ್ಯಕ್ಕೆ 59. ಆಮೇಲೆ ಆ ಖಾಲಿ ಚೀಟಿಗಳು. ಐದರಲ್ಲೊಬ್ಬರು ಪೆನ್ನು ಹಿಡಿದು ಕೂತು, ಉಳಿದದ್ದಕ್ಕೆಲ್ಲ ಉತ್ತರ ಬರೆದು, ಇದೊಂದನ್ನ ಬಿಟ್ಟಿದ್ದಾರೆ. 1918ರಲ್ಲಿ ಮಗನನ್ನ ಕಳಕೊಂಡ ಒಂದು ತಾಯಿ ಆ ಚೌಕದ ಮುಂದೆ ಎಷ್ಟು ಹೊತ್ತು ಕೂತಿರಬೇಕು ಅಂತ ಯೋಚನೆ ಮಾಡಿ.

ಮೂರನೆಯದು ಪ್ರಶ್ನೆಯ ವ್ಯಾಕರಣ. ‘ಇತರ ದೇಶಗಳು ಒಟ್ಟಾಗಿ ನಿಲ್ಲಿಸಬೇಕೆ?’ ಅಂತಿದೆ. ‘ನೀವು’ ಇಲ್ಲ, ‘ನಿಮ್ಮ ಮಗ’ ಇಲ್ಲ, ‘ನಿಮ್ಮ ನೌಕಾಪಡೆ’ ಕೂಡ ಇಲ್ಲ. ನಮ್ಮ ಸೊಸೈಟಿಯ ಪೋಲ್ ಥರಾನೇ.

ಅದೇ ಚಳಿಗಾಲ, ಸಾರ್‌ನಲ್ಲಿ

ಹಾಗಂತ ಲೀಗ್ ಎಲ್ಲೂ ಗೆಲ್ಲಲಿಲ್ಲ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಈ ಚೀಟಿಗಳು ಹಂಚ್ತಾ ಇದ್ದ ಸಮಯದಲ್ಲೇ ಫ್ರಾನ್ಸ್–ಜರ್ಮನಿ ಗಡಿಯ ಸಾರ್ ಅನ್ನೋ ಕಲ್ಲಿದ್ದಲಿನ ಪ್ರದೇಶದಲ್ಲಿ ಲೀಗ್ ಒಂದು ಒಳ್ಳೆ ಕೆಲಸ ಮಾಡಿತು. ಯುದ್ಧದ ನಂತರ 15 ವರ್ಷ ಸಾರ್ ಲೀಗಿನ ಆಡಳಿತದಲ್ಲಿತ್ತು. ಅವಧಿ ಮುಗಿದ ಮೇಲೆ ಜನರೇ ತೀರ್ಮಾನಿಸಬೇಕು: ಜರ್ಮನಿಗೋ, ಫ್ರಾನ್ಸಿಗೋ, ಲೀಗಿನ ಕೆಳಗೇ ಇರೋದೋ? ಜರ್ಮನಿಯಲ್ಲಿ ಆಗಲೇ ಹಿಟ್ಲರ್ ಬಂದಿದ್ದ. ಮತದಾನದ ದಿನ ಗಲಭೆ ಆಗುತ್ತೆ ಅನ್ನೋ ಭಯ ಎಲ್ಲರಿಗೂ.

ಸೈನ್ಯ ಕಳಿಸೋಕೆ ಮೊದಲು ಹಿಂದೇಟು ಹಾಕಿದ್ದ ಬ್ರಿಟನ್ 1934ರ ಡಿಸೆಂಬರ್‌ನಲ್ಲಿ ಮನಸ್ಸು ಬದಲಾಯಿಸಿತು. ಕೆಲವೇ ವಾರದಲ್ಲಿ ಬ್ರಿಟನ್ನಿನ 1,500, ಇಟಲಿಯ 1,300, ಸ್ವೀಡನ್ನಿನ 260, ನೆದರ್ಲೆಂಡ್ಸ್‌ನ 250 ಸೈನಿಕರು ಬಂದಿಳಿದರು. ಫ್ರೆಂಚರೂ ಇಲ್ಲ, ಜರ್ಮನ್ನರೂ ಇಲ್ಲ. ಇವತ್ತು ನಾವು ನೀಲಿ ಹೆಲ್ಮೆಟ್ ಶಾಂತಿಪಡೆ ಅಂತೀವಲ್ಲ, ಅದರ ನಿಜವಾದ ಮೂಲಮಾದರಿ ಇದು. 1935ರ ಜನವರಿ 13ರಂದು ಮತದಾನ ದೊಡ್ಡ ಗಲಾಟೆ ಇಲ್ಲದೆ ಮುಗೀತು.

ಫಲಿತಾಂಶ? ಶೇ. 90ಕ್ಕೂ ಹೆಚ್ಚು ಮಂದಿ ಜರ್ಮನಿ ಅಂದರು. ಹಿಟ್ಲರ್‌ಗೆ ಹಬ್ಬ. ಲೀಗಿನ ಕೆಳಗೇ ಇರೋಣ ಅಂದಿದ್ದ ಸುಮಾರು 46 ಸಾವಿರ ಜನರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಓಡಬೇಕಾಯಿತು. ಶಾಂತಿಪಡೆ ಮತಪೆಟ್ಟಿಗೆಯನ್ನ ಕಾಯಬಹುದು, ಅದರಿಂದ ಏನು ಹೊರಗೆ ಬರುತ್ತೆ ಅನ್ನೋದು ಅದರ ಕೈಯಲ್ಲಿಲ್ಲ.

ಸಾರ್ ಯಾಕೆ ಸಲೀಸಾಯಿತು? ಎರಡೂ ಕಡೆಯವರು ಪಡೆಗೆ ಒಪ್ಪಿದ್ದರು, ಯಾರು ಎಷ್ಟು ಜನ ಕಳಿಸಬೇಕು ಅಂತ ಹೆಸರು ಹಿಡಿದು ನಿಗದಿ ಆಗಿತ್ತು, ಗಲಾಟೆಗೆ ಮುಂಚೆಯೇ ಸೈನಿಕರು ಸ್ಥಳದಲ್ಲಿದ್ದರು. ಶೀಟ್‌ನಲ್ಲಿ ಹೆಸರು ತುಂಬಿತ್ತು ಅಂತಿಟ್ಟುಕೊಳ್ಳಿ.

ಸಾರ್‌ನಲ್ಲಿ ಶಾಂತಿ ಕಾದ ಆ 1,300 ಇಟಾಲಿಯನ್ನರನ್ನ ನೆನಪಿಟ್ಟುಕೊಳ್ಳಿ. ಅವರನ್ನ ಕಳಿಸುವ ಮಾತು ನಡೀತಿದ್ದ ಅದೇ ವಾರ, ಡಿಸೆಂಬರ್ 5ರಂದು, ಆಫ್ರಿಕಾದ ವಾಲ್‌ವಾಲ್ ಅನ್ನೋ ಬಾವಿಗಳ ಹತ್ತಿರ ಇಟಲಿ ಮತ್ತು ಇಥಿಯೋಪಿಯದ ಪಡೆಗಳ ನಡುವೆ ಗುಂಡಿನ ಚಕಮಕಿ ಆಗಿತ್ತು. ಮುಸೊಲಿನಿಗೆ ಅದೇ ನೆಪ.

ಜನರ ಆಕ್ರೋಶ ಗೆದ್ದ ಹತ್ತು ದಿನ

1935ರ ಅಕ್ಟೋಬರ್ 3ರಂದು ಇಟಲಿ ಇಥಿಯೋಪಿಯಕ್ಕೆ ನುಗ್ಗಿತು. ಆಗ ಅದನ್ನ ಅಬಿಸೀನಿಯಾ ಅಂತ ಕರೀತಿದ್ದರು. ಎರಡೂ ಲೀಗಿನ ಸದಸ್ಯರು. ಈ ಸಲ ಲೀಗ್ ಚುರುಕಾಗಿತ್ತು: ವಾರದಲ್ಲೇ ಇಟಲಿ ತಪ್ಪಿತಸ್ಥ ಅಂತ ತೀರ್ಮಾನ, 54 ದೇಶಗಳಲ್ಲಿ 50 ದೇಶಗಳ ಒಪ್ಪಿಗೆ, ನವೆಂಬರ್ 18ರಿಂದ ಆರ್ಥಿಕ ದಿಗ್ಬಂಧನ.

ಆದರೆ ಪಟ್ಟಿ ನೋಡಿ. ಸಾಲ ಇಲ್ಲ, ಆಯುಧ ಇಲ್ಲ, ಇಟಲಿಯ ಸರಕು ಕೊಳ್ಳೋ ಹಾಗಿಲ್ಲ, ರಬ್ಬರ್ ಇಲ್ಲ, ಹೊರೆ ಹೊರುವ ಪ್ರಾಣಿಗಳೂ ಇಲ್ಲ. ಅಲ್ಯೂಮಿನಿಯಂ ಕಳಿಸೋ ಹಾಗಿಲ್ಲ, ಅದು ಇಟಲಿಯಲ್ಲೇ ಬೇಕಾದಷ್ಟಿತ್ತು. ಆದರೆ ಪೆಟ್ರೋಲಿಯಂ ಪಟ್ಟಿಯಲ್ಲಿ ಇಲ್ಲ. ಕಲ್ಲಿದ್ದಲು, ಉಕ್ಕು ಇಲ್ಲ. ಇಟಲಿಯ ಹಡಗುಗಳು ಸೂಯೆಜ್ ಕಾಲುವೆಯಲ್ಲಿ ಸುಂಕ ಕಟ್ಟಿ ಆರಾಮಾಗಿ ಓಡಾಡ್ತಾ ಇದ್ದವು. ಕಾಲುವೆಯ ಬಳಿ ಇದ್ದದ್ದು ಬ್ರಿಟಿಷ್ ಪಡೆ. ಮುಚ್ಚಿದರೆ ಯುದ್ಧ ಆದೀತು, ಹಿಟ್ಲರ್ ವಿರುದ್ಧ ಮುಸೊಲಿನಿ ನಮಗೆ ಬೇಕು ಅನ್ನೋದು ಲಂಡನ್ ಮತ್ತು ಪ್ಯಾರಿಸ್‌ನ ಒಳಲೆಕ್ಕ. ಮುಂದೆ ಮುಸೊಲಿನಿಯೇ ಹಿಟ್ಲರ್ ಹತ್ತಿರ, ತೈಲ ನಿಲ್ಲಿಸಿದ್ದರೆ ನಾನು ಒಂದು ವಾರದಲ್ಲಿ ವಾಪಸ್ ಬರಬೇಕಾಗ್ತಿತ್ತು ಅಂದ ಅಂತ ಹಿಟ್ಲರ್‌ನ ದುಭಾಷಿ ಪಾಲ್ ಶ್ಮಿಟ್ ಬರೆದಿದ್ದಾರೆ.

ನವೆಂಬರ್ 14ಕ್ಕೆ ಬ್ರಿಟನ್ನಿನಲ್ಲಿ ಚುನಾವಣೆ. ಶಾಂತಿ ಮತದಾನದ ಅಂಕಿ ಕಣ್ಣಮುಂದೆ ಇದ್ದದ್ದರಿಂದ ಪ್ರಧಾನಿ ಬಾಲ್ಡ್‌ವಿನ್ ಲೀಗಿನ ಪರ ಅಂತಲೇ ಮತ ಕೇಳಿ ದೊಡ್ಡ ಬಹುಮತ ಪಡೆದರು. ಮೂರೂವರೆ ವಾರ ಆಗಿರಲಿಲ್ಲ, ವಿದೇಶಾಂಗ ಸಚಿವ ಸ್ಯಾಮ್ಯುಯೆಲ್ ಹೋರ್ ಪ್ಯಾರಿಸ್‌ಗೆ ಹೋಗಿ ಫ್ರಾನ್ಸಿನ ಪ್ರಧಾನಿ ಲಾವಾಲ್ ಜೊತೆ ಗುಟ್ಟಾಗಿ ಒಂದು ಯೋಜನೆ ಮಾಡಿದರು. ಈ ಹೋರ್ ನಮಗೆ ಅಪರಿಚಿತರಲ್ಲ. ಅದಕ್ಕೂ ಮುಂಚೆ ಭಾರತ ಸಚಿವರಾಗಿದ್ದು 1935ರ ಭಾರತ ಸರ್ಕಾರ ಕಾಯ್ದೆಯನ್ನ ಪಾರ್ಲಿಮೆಂಟಿನಲ್ಲಿ ದಾಟಿಸಿದವರು ಇವರೇ.

ಯೋಜನೆ ಏನು? ಇಥಿಯೋಪಿಯದ ದೊಡ್ಡ ಭಾಗ ಇಟಲಿಗೆ, ಬದಲಿಗೆ ಇಥಿಯೋಪಿಯಕ್ಕೆ ಸಮುದ್ರದವರೆಗೆ ಒಂದು ಕಿರಿದಾದ ಪಟ್ಟಿ. ‘ದಿ ಟೈಮ್ಸ್’ ಪತ್ರಿಕೆ ಅದನ್ನ ಒಂಟೆಗಳ ಓಣಿ ಅಂತ ಲೇವಡಿ ಮಾಡಿತು. ಸುದ್ದಿ ಫ್ರೆಂಚ್ ಪತ್ರಿಕೆಗಳಲ್ಲಿ ಸೋರಿ ಹೋದ ಮೇಲೆ ಬ್ರಿಟನ್ನಿನ ಜನ ಕೆಂಡವಾದರು. ಸಂಸದರಿಗೆ ರಾಶಿ ರಾಶಿ ಪತ್ರ. ಬಾಗಿಲು ಬಾಗಿಲಿಗೆ ಚೀಟಿ ಹಂಚಿದ್ದ ಜನರಿಗೆ ಇದು ಸ್ವಂತ ಮನೆಯ ಮೋಸದ ಥರ ಕಂಡಿತು. ಸ್ವಿಟ್ಜರ್ಲೆಂಡಿಗೆ ಸ್ಕೇಟಿಂಗ್ ಮಾಡೋಕೆ ಹೋಗಿ ಮೂಗು ಮುರಿದುಕೊಂಡು ಬಂದಿದ್ದ ಹೋರ್, ಡಿಸೆಂಬರ್ 18ರಂದು ರಾಜೀನಾಮೆ ಕೊಡಬೇಕಾಯಿತು. ಹತ್ತೇ ದಿನದಲ್ಲಿ ಯೋಜನೆ ಸತ್ತಿತು.

ಸೆಸಿಲ್ ಹೇಳಿದ್ದು ನಿಜವಾಯಿತಲ್ಲ? ಜನಾಭಿಪ್ರಾಯ ಒಬ್ಬ ವಿದೇಶಾಂಗ ಸಚಿವನನ್ನೇ ಉರುಳಿಸಿತು. ಆದರೆ ಆಮೇಲೆ ಏನಾಯಿತು? ಹೋರ್ ಹೋದರು, ಆಂಥನಿ ಈಡನ್ ಬಂದರು. ತೈಲ ಹರೀತಾನೇ ಇತ್ತು. ಕಾಲುವೆ ತೆರೆದೇ ಇತ್ತು. ‘ಬೇಡ’ ಅನ್ನೋಕೆ ಬೀದಿಗೆ ಬಂದ ಜನ ‘ಬೇಕು’ ಅನ್ನೋಕೆ, ನಮ್ಮ ನೌಕಾಪಡೆ ಅಪಾಯಕ್ಕೆ ಇಳಿಯಲಿ ಅನ್ನೋಕೆ, ಅದೇ ಜೋರಲ್ಲಿ ಬರಲಿಲ್ಲ. ಸರ್ಕಾರವೂ ಅವರನ್ನ ಕೇಳಲಿಲ್ಲ.

ಅದೇ ದಿನ ರೋಮ್‌ನಲ್ಲಿ

ಹೋರ್ ರಾಜೀನಾಮೆ ಕೊಟ್ಟ ಅದೇ ಡಿಸೆಂಬರ್ 18ರಂದು ರೋಮ್‌ನಲ್ಲಿ ಇನ್ನೊಂದು ಜನಾಭಿಪ್ರಾಯ ಕೆಲಸ ಮಾಡ್ತಿತ್ತು. ದಿಗ್ಬಂಧನಕ್ಕೆ ಉತ್ತರವಾಗಿ ಮುಸೊಲಿನಿ ಹೆಂಗಸರಿಗೆ ಕರೆ ಕೊಟ್ಟ: ನಿಮ್ಮ ಮದುವೆಯ ಚಿನ್ನದ ಉಂಗುರ ದೇಶಕ್ಕೆ ಕೊಡಿ. ಯುದ್ಧ ಸ್ಮಾರಕದ ಮುಂದೆ ಮೊದಲು ರಾಣಿ ಎಲೆನಾ ತಮ್ಮ ಉಂಗುರ ಹಾಕಿದರು, ಹಿಂದೆ ಲಕ್ಷಾಂತರ ಹೆಂಗಸರು. ಬದಲಿಗೆ ಅವರಿಗೆ ಸಿಕ್ಕಿದ್ದು ಕಬ್ಬಿಣದ ಉಂಗುರ. 1962ರ ಚೀನಾ ಯುದ್ಧದ ಹೊತ್ತಲ್ಲಿ ನಮ್ಮ ಅಜ್ಜಿಯಂದಿರು ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟ ಕಥೆ ಎಷ್ಟೋ ಮನೆಗಳಲ್ಲಿದೆ. ನಾವು ದಾಳಿಗೆ ಒಳಗಾದವರು, ಇಟಲಿ ದಾಳಿ ಮಾಡಿದ್ದು. ಆದರೆ ಉಂಗುರ ಕೊಟ್ಟ ಹೆಂಗಸಿಗೆ, ಜಗತ್ತೆಲ್ಲ ಸೇರಿ ನಮ್ಮನ್ನ ಹಸಿವಿಗೆ ದೂಡ್ತಿದೆ ಅಂತಲೇ ರೇಡಿಯೊ, ಪತ್ರಿಕೆ ಹೇಳಿತ್ತು.

ಸೆಸಿಲ್ ಅವರ ಲೆಕ್ಕದಲ್ಲಿ ಇದು ಇರಲಿಲ್ಲ. ಜಗತ್ತಿನ ಜನಾಭಿಪ್ರಾಯ ಒಂದೇ ಅಂತ ಅವರು ನಂಬಿದ್ದರು. ಪತ್ರಿಕೆ ಕೈಯಲ್ಲಿರುವ ಸರ್ವಾಧಿಕಾರಿಗೆ ಅದನ್ನ ಬೇಕಾದ ಹಾಗೆ ಎರಕ ಹೊಯ್ಯೋದು ಸಾಧ್ಯ. ಅರೆಮನಸ್ಸಿನ ದಿಗ್ಬಂಧನ ಇಟಲಿಯ ಸೈನ್ಯವನ್ನ ನಿಲ್ಲಿಸಲಿಲ್ಲ, ಇಟಲಿಯ ಜನರನ್ನ ಮುಸೊಲಿನಿ ಹಿಂದೆ ನಿಲ್ಲಿಸಿತು.

ಅತ್ತ ಇಥಿಯೋಪಿಯದ ಮೇಲೆ, 1925ರ ಜಿನೀವಾ ಒಪ್ಪಂದ ನಿಷೇಧಿಸಿದ್ದ ವಿಷಾನಿಲ ವಿಮಾನದಿಂದ ಸುರೀತಿತ್ತು. 1936ರ ಮೇ 5ರಂದು ಅಡಿಸ್ ಅಬಾಬಾ ಬಿತ್ತು. ಜೂನ್ 30ಕ್ಕೆ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ಸಭೆಯಲ್ಲಿ ಮಾತಾಡೋಕೆ ನಿಂತಾಗ ಗ್ಯಾಲರಿಯಿಂದ ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿದರು. ಅವರನ್ನ ಹೊರಗೆ ಹಾಕಿದ ಮೇಲೆ ಆತ ಮಾತು ಮುಂದುವರಿಸಿ ಕೊನೆಗೆ ಕೇಳಿದ್ದು ಒಂದೇ: ನನ್ನ ಜನಕ್ಕೆ ನಾನು ಏನು ಉತ್ತರ ತೊಗೊಂಡು ಹೋಗಲಿ? ಎರಡು ವಾರದ ನಂತರ, ಜುಲೈ 15ಕ್ಕೆ, ದಿಗ್ಬಂಧನವನ್ನೇ ತೆಗೆದುಹಾಕಿದರು. ಅದೇ ಉತ್ತರ.

‘ಇತರರು’ ಯಾರು ಅಂತ ಗೊತ್ತಾಗಿದ್ದು

ಭಾರತ ಲೀಗಿನ ಸ್ಥಾಪಕ ಸದಸ್ಯ ದೇಶ. ಸ್ವಾತಂತ್ರ್ಯ ಇಲ್ಲ, ಆದರೆ ಸದಸ್ಯತ್ವ ಇದೆ. ಪ್ರತಿನಿಧಿಗಳನ್ನ ಬ್ರಿಟಿಷ್ ಸರ್ಕಾರ ಆರಿಸ್ತಿತ್ತು. ಶಾಂತಿ ಮತದಾನದ ಚೀಟಿ ನಮ್ಮ ಊರಿನ ಯಾವ ಬಾಗಿಲಿಗೂ ಬರಲಿಲ್ಲ. ಅಡಿಸ್ ಅಬಾಬಾ ಬಿದ್ದ ಮೇ ತಿಂಗಳಲ್ಲಿ ನೆಹರೂ ಕರೆಯಂತೆ ಕಾಂಗ್ರೆಸ್ ‘ಅಬಿಸೀನಿಯಾ ದಿನ’ ಆಚರಿಸಿತು. ಅದು ಜಿನೀವಾದ ಲೆಕ್ಕಕ್ಕೆ ಬರುವ ಜನಾಭಿಪ್ರಾಯ ಆಗಿರಲಿಲ್ಲ.

ಆದರೆ 1941ರ ಫೆಬ್ರವರಿ–ಮಾರ್ಚ್‌ನಲ್ಲಿ, ಎರಿಟ್ರಿಯಾದ ಕೆರೆನ್ ಅನ್ನೋ ಬೆಟ್ಟದ ಊರಿನ ಮುಂದೆ, ಇಟಲಿಯ ಸೈನ್ಯವನ್ನ ಎದುರಿಸಿ ಏಳು ವಾರಕ್ಕೂ ಹೆಚ್ಚು ಕಾಲ ಹೋರಾಡಿದ್ದು 4ನೇ ಮತ್ತು 5ನೇ ಭಾರತೀಯ ಡಿವಿಷನ್‌ಗಳು. ಬ್ರಿಟಿಷ್ ಸೈನಿಕರ ಜೊತೆಜೊತೆಗೆ ಬೋಳು ಬಂಡೆ ಹತ್ತಿ ಸತ್ತವರು ಈ ದೇಶದ ಹಳ್ಳಿಗಳ ಹುಡುಗರು. 1941ರ ಮೇ 5ರಂದು, ರಾಜಧಾನಿ ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಹೈಲೆ ಸೆಲಾಸಿ ಅಡಿಸ್ ಅಬಾಬಾಕ್ಕೆ ವಾಪಸ್ ಬಂದರು. 1935ರಲ್ಲಿ ತೈಲದ ನಲ್ಲಿ ತಿರುಗಿಸಿ ಮಾಡಬಹುದಾಗಿದ್ದ ಕೆಲಸಕ್ಕೆ ಆರು ವರ್ಷದ ನಂತರ ಪ್ರಾಣ ಕೊಟ್ಟವರಲ್ಲಿ, ಯಾರೂ ಏನೂ ಕೇಳದೇ ಇದ್ದ ಜನ ಇದ್ದರು. ಪ್ರಶ್ನೆಯಲ್ಲಿದ್ದ ‘ಇತರ ದೇಶಗಳು’ ಅಂದ್ರೆ ನಾವೂ ಅಂತ ನಮಗೆ ಗೊತ್ತಾಗಿದ್ದು ಕೆರೆನ್‌ನಲ್ಲಿ.

ಇದನ್ನೆಲ್ಲ ಹೇಳಿ, ಶಾಂತಿ ಮತದಾನ ಮಾಡಿದ ಆ 5 ಲಕ್ಷ ಸ್ವಯಂಸೇವಕರು ಮೂರ್ಖರು ಅಂತ ಹೇಳೋಕೆ ನಾನು ಹೊರಟಿಲ್ಲ. ಮಳೆಯಲ್ಲಿ ಬಾಗಿಲು ತಟ್ಟಿದ ಅವರು ಪೋಲ್ ಒತ್ತಿದವರಲ್ಲ, ಶೀಟ್‌ನಲ್ಲಿ ಹೆಸರು ಬರೆದವರು. 67 ಲಕ್ಷ ಜನ ಸೈನಿಕ ಕ್ರಮಕ್ಕೂ ‘ಹೌದು’ ಅಂದಿದ್ದು ಸಣ್ಣ ಮಾತಲ್ಲ. ಆ ‘ಹೌದು’ ಕೈಗೆ ಬಂದ ಮೇಲೂ ಅದನ್ನ ಚುನಾವಣೆಗೆ ಬಳಸಿ, ಬೆಲೆ ಎಷ್ಟು ಅಂತ ಜನರಿಗೆ ಬಿಡಿಸಿ ಹೇಳದೇ ಹೋದ ನಾಯಕರ ಮೇಲೆ ನನಗೆ ಹೆಚ್ಚು ಸಿಟ್ಟು. ಜನ ಖಾಲಿ ಬಿಟ್ಟ ಚೌಕದ ಬಗ್ಗೆ ಅವರ ಜೊತೆ ಕೂತು ಮಾತಾಡಬೇಕಿತ್ತು. ಅದನ್ನ ಯಾರೂ ಮಾಡಲಿಲ್ಲ.

ಇವತ್ತೂ ದಿನಾ ನಮ್ಮ ಫೋನಿಗೆ ಯಾವುದೋ ಯುದ್ಧದ ವಿಡಿಯೊ ಬರುತ್ತೆ. ‘ಜಗತ್ತು ಸುಮ್ಮನೆ ನೋಡ್ತಾ ಕೂತಿದೆ, ಯಾರಾದರೂ ಏನಾದರೂ ಮಾಡಬೇಕು’ ಅಂತ ಬರೆದು ಫಾರ್ವರ್ಡ್ ಮಾಡ್ತೀವಿ. ನಾನೂ ಮಾಡಿದ್ದೀನಿ. ಈಗ ಹಾಗೆ ಬರೆಯೋ ಮುಂಚೆ ಆ ‘ಯಾರಾದರೂ’ ಇದ್ದ ಜಾಗದಲ್ಲಿ ‘ನಾವು’ ಅಂತ ಹಾಕಿ ಒಂದು ಸಲ ಓದ್ತೀನಿ. ಪೆಟ್ರೋಲ್ ರೇಟು ಏರಿದರೂ ಸರೀನಾ, ಪ್ರಾಜೆಕ್ಟ್ ಹೋದರೂ ಸರೀನಾ, ನಮ್ಮೂರ ಹುಡುಗ ಹೋಗಬೇಕಾದರೂ ಸರೀನಾ ಅಂತ. ಕೆಲವು ಸಲ ಉತ್ತರ ‘ಹೌದು’ ಅಂತಲೇ ಬರುತ್ತೆ. ಕೆಲವು ಸಲ ಚೌಕ ಖಾಲಿ ಬಿಡ್ತೀನಿ.

ಅಂದಹಾಗೆ ನಮ್ಮ ಸೊಸೈಟಿಯಲ್ಲಿ ಗಸ್ತು ನಿಂತುಹೋಯಿತು. ಕೊನೆಗೆ ತಿಂಗಳ ಮೆಂಟೆನೆನ್ಸ್ ಏರಿಸಿ ರಾತ್ರಿಗೆ ಇನ್ನೊಬ್ಬ ವಾಚ್‌ಮನ್ ಇಟ್ಟಿದ್ದೀವಿ. ಬಿಹಾರದ ಹುಡುಗ, ಇಪ್ಪತ್ತೆರಡು ವರ್ಷ. ಪೋಲ್‌ನಲ್ಲಿ ಅವನನ್ನ ಯಾರೂ ಕೇಳಿರಲಿಲ್ಲ.